ವಿಮಾನ ಸಂಗ್ರಹಾಲಯ: ಕಾಸರಗೋಡಿನಿಂದ ಕಾಣುವ ನೆಲೆಗಳು, ಪ್ರದರ್ಶನಗಳು, ಕಾರ್ಯಕ್ರಮಗಳು

ಹಾರಾಟದಿಂದ ನಿವೃತ್ತವಾದ ವಿಮಾನ, ಹೆಲಿಕಾಪ್ಟರ್, ಇಂಜಿನ್, ಉಪಕರಣ, ನಕ್ಷೆ, ಛಾಯಾಚಿತ್ರ ಮೊದಲಾದವನ್ನು ಕಾಪಿಟ್ಟು ಸಾರ್ವಜನಿಕರಿಗೆ ತೋರಿಸುವ ಸಂಸ್ಥೆ ವಿಮಾನ ಸಂಗ್ರಹಾಲಯ. ಕಾಸರಗೋಡು ಜಿಲ್ಲೆಯಲ್ಲಿ ಇಂಥ ಸಂಗ್ರಹಾಲಯವಿಲ್ಲ, ವಿಮಾನ ನಿಲ್ದಾಣವೂ ಇಲ್ಲ. ಉತ್ತರಕ್ಕೆ ಮಂಗಳೂರಿನ ಬಜ್ಪೆ, ದಕ್ಷಿಣಕ್ಕೆ 2018ರ ಡಿಸೆಂಬರ್‌ನಲ್ಲಿ ಆರಂಭವಾದ ಮಟ್ಟನ್ನೂರಿನ ಕಣ್ಣೂರು ನಿಲ್ದಾಣ, ಇವೆರಡರ ನಡುವೆ ಈ ಜಿಲ್ಲೆ ಹಬ್ಬಿದೆ. ಹೀಗಿದ್ದರೂ ವಿಮಾನದೊಂದಿಗೆ ಇಷ್ಟು ಗಾಢವಾಗಿ ಬದುಕು ಬೆಸೆದುಕೊಂಡ ಜಿಲ್ಲೆಗಳು ದಕ್ಷಿಣ ಭಾರತದಲ್ಲಿ ಹೆಚ್ಚಿಲ್ಲ. ಗಲ್ಫಿಗೆ ಹೋಗಿಬರುವ ಮಂದಿ ಊರೂರಿನಲ್ಲೂ ಇದ್ದಾರೆ. ಆಕಾಶದಿಂದ ಬಂದ ಒಂದು ದೊಡ್ಡ ದುರಂತದ ನೆನಪೂ ಇಲ್ಲಿನ ಗುಡ್ಡಗಳಲ್ಲಿ ಉಳಿದಿದೆ.

ಇಲ್ಲಿನ ಕನ್ನಡಿಗರಿಗೆ ವಿಮಾನ ಪರಂಪರೆಯನ್ನು ಕಣ್ಣಾರೆ ನೋಡಬೇಕಾದರೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಸುಳ್ಯ, ಮಡಿಕೇರಿ, ಮೈಸೂರಿನ ಮೇಲಿಂದ ಬೆಂಗಳೂರಿಗೆ ಹೋಗುವ ದಾರಿ. ಇನ್ನೊಂದು, ಕೊಂಕಣ ರೈಲಿನಲ್ಲಿ ಕಡಲಂಚಿಗೇ ಕಾರವಾರಕ್ಕೂ ಗೋವಾಕ್ಕೂ ಹೋಗುವ ದಾರಿ. ಬೆಂಗಳೂರಿನ ಎಚ್‌ಎಎಲ್ ಪರಂಪರೆ ಕೇಂದ್ರ ಮತ್ತು ವೈಮಾಂತರಿಕ್ಷ ಸಂಗ್ರಹಾಲಯ ಈ ದಾರಿಗಳಲ್ಲಿ ಸಿಗುವ ಸಂಗ್ರಹಾಲಯಗಳಲ್ಲಿ ಹಿರಿದು. ಈ ಲೇಖನದ ಹೆಚ್ಚಿನ ಭಾಗ ಅದಕ್ಕೇ ಮೀಸಲು.

ಹಿನ್ನೆಲೆ

ಸಂಗ್ರಹಾಲಯದ ಕಥೆ ಕಾರ್ಖಾನೆಯ ಕಥೆಯಿಂದ ಶುರುವಾಗುತ್ತದೆ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರಿಗೆ 1939ರಲ್ಲಿ ಪ್ರಯಾಣದ ನಡುವೆ ಅಮೆರಿಕದ ವಿಮಾನ ವ್ಯಾಪಾರಿ ವಿಲಿಯಂ ಪಾಲಿಯ ಪರಿಚಯವಾಯಿತು. ಭಾರತದಲ್ಲೇ ವಿಮಾನ ಕಟ್ಟುವ ಯೋಚನೆ ಅಲ್ಲಿ ಮೊಳೆಯಿತು. ಕಾರ್ಖಾನೆಗೆ ಜಾಗ ಹುಡುಕುತ್ತಿದ್ದ ವಾಲ್‌ಚಂದರಿಗೆ ಕೈನೀಡಿದ್ದು ಮೈಸೂರು ಸಂಸ್ಥಾನ. ದಿವಾನ ಮಿರ್ಜಾ ಇಸ್ಮಾಯಿಲ್ ಅವರ ಆಡಳಿತ ಬೆಂಗಳೂರಿನ ಪೂರ್ವಕ್ಕೆ ಸುಮಾರು 700 ಎಕರೆ ನೆಲವನ್ನು ಕೊಟ್ಟು, ವಾಲ್‌ಚಂದರಷ್ಟೇ ಬಂಡವಾಳವನ್ನೂ, ಅಂದರೆ 25 ಲಕ್ಷ ರೂಪಾಯಿಯನ್ನು, ಹೂಡಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆ ನೋಂದಣಿಯಾಯಿತು. ಮರುವರ್ಷವೇ ಹಾರ್ಲೋ ಎಂಬ ತರಬೇತಿ ವಿಮಾನ ಇಲ್ಲಿ ಜೋಡಣೆಗೊಂಡು ಹಾರಿತು. ಯುದ್ಧದ ತುರ್ತಿನಲ್ಲಿ ಭಾರತ ಸರಕಾರ 1942ರಲ್ಲಿ ಕಾರ್ಖಾನೆಯನ್ನು ವಶಕ್ಕೆ ಪಡೆದಾಗ ವಾಲ್‌ಚಂದ್ ತಮ್ಮ ಪಾಲನ್ನು ಮಾರಿದರು. ಮೈಸೂರು ಮಾತ್ರ ತನ್ನ ಪಾಲನ್ನು ಬಿಟ್ಟುಕೊಡದೆ, ಆಡಳಿತವನ್ನಷ್ಟೇ ಒಪ್ಪಿಸಿತು. ಈ ಸಂಗತಿ ಕನ್ನಡ ನಾಡಿನ ಕೈಗಾರಿಕಾ ಇತಿಹಾಸದಲ್ಲಿ ಇನ್ನೂ ಹೆಚ್ಚು ಜನರಿಗೆ ತಿಳಿದಿರಬೇಕಿತ್ತು.

1943ರಿಂದ ಯುದ್ಧ ಮುಗಿಯುವ ತನಕ ಕಾರ್ಖಾನೆ ಅಮೆರಿಕದ ಸೇನಾ ವಾಯುಪಡೆಯ ದುರಸ್ತಿ ನೆಲೆಯಾಗಿತ್ತು. ಕ್ಯಾಟಲಿನಾ ಎಂಬ ನೀರಿನ ಮೇಲೆ ಇಳಿಯುವ ವಿಮಾನಗಳು ಆಗ ಬೆಳ್ಳಂದೂರು ಕೆರೆಗೆ ಇಳಿಯುತ್ತಿದ್ದವು. ಅವನ್ನು ದಡಕ್ಕೆ ಎಳೆದು ಕಾರ್ಖಾನೆಗೆ ಸಾಗಿಸಿ ರಿಪೇರಿ ಮಾಡುತ್ತಿದ್ದರು. ನೊರೆಗೂ ಬೆಂಕಿಗೂ ಇಂದು ಹೆಸರಾದ ಆ ಕೆರೆ ಒಂದು ಕಾಲಕ್ಕೆ ವಿಮಾನಕ್ಕೆ ಓಡುದಾರಿಯಾಗಿತ್ತು. ಯುದ್ಧ ಮುಗಿದು ಕೆಲಸ ತೆಳುವಾದಾಗ ಇದೇ ಕೈಗಳು ರೈಲ್ವೆ ಬೋಗಿಗಳನ್ನೂ ಬಸ್ಸಿನ ಮೈಗಳನ್ನೂ ಕಟ್ಟಿದವು. 1964ರ ಅಕ್ಟೋಬರ್‌ನಲ್ಲಿ ಬೇರೆ ಘಟಕಗಳೊಂದಿಗೆ ವಿಲೀನವಾಗಿ ಸಂಸ್ಥೆ ಇಂದಿನ ಹಿಂದೂಸ್ತಾನ್ ಏರೋನಾಟಿಕ್ಸ್ (ಎಚ್‌ಎಎಲ್) ಎಂಬ ಹೆಸರು ಪಡೆಯಿತು.

ಸಂಗ್ರಹಾಲಯ ತೆರೆದದ್ದು 2001ರಲ್ಲಿ. ಹಳೆಯ ವಿಮಾನ ನಿಲ್ದಾಣದಿಂದ ವರ್ತೂರಿನ ಕಡೆಗೆ ಹೋಗುವ ರಸ್ತೆಯಲ್ಲಿ, ಮಾರತ್ತಹಳ್ಳಿಗೆ ಮೊದಲು, ಸುಮಾರು ನಾಲ್ಕು ಎಕರೆಯ ಹಸಿರಿನ ನಡುವೆ ಅದಿದೆ. ದೇಶದ ವಿಮಾನ ಉದ್ಯಮದ ಚರಿತ್ರೆಯನ್ನು ಹೇಳಲೆಂದೇ ತೆರೆದ ಮೊದಲ ಸಂಗ್ರಹಾಲಯ ಎಂಬ ಹೆಗ್ಗಳಿಕೆ ಇದರದು. ದೆಹಲಿಯ ಪಾಲಂನಲ್ಲಿ ವಾಯುಪಡೆಯ ಸಂಗ್ರಹಾಲಯ 1967ರಿಂದಲೇ ಇದ್ದರೂ ಅದು ಹೇಳುವುದು ಸೇನೆಯ ಕಥೆಯನ್ನು, ತಯಾರಿಕೆಯ ಕಥೆಯನ್ನಲ್ಲ. 2008ರ ಮೇ 24ರಂದು ನಾಗರಿಕ ವಿಮಾನಗಳು ದೇವನಹಳ್ಳಿಗೆ ಸ್ಥಳಾಂತರಗೊಂಡ ಮೇಲೆ ಪಕ್ಕದ ನಿಲ್ದಾಣದಲ್ಲಿ ಪ್ರಯಾಣಿಕರ ಗದ್ದಲ ಇಲ್ಲವಾಯಿತು. ಪರೀಕ್ಷಾ ಹಾರಾಟಗಳ ಸದ್ದು ಉಳಿಯಿತು. ಅಂಗಳದಲ್ಲಿ ನಿಂತ ಹಳೆಯ ವಿಮಾನವನ್ನು ನೋಡುತ್ತಿರುವಾಗಲೇ ಬೇಲಿಯಾಚೆಯಿಂದ ಹೊಸದೊಂದು ಏಳುವ ಸದ್ದು ಕಿವಿಗೆ ಬೀಳುವ ಭಾಗ್ಯ ಬೇರೆ ಸಂಗ್ರಹಾಲಯಗಳಿಗೆ ಅಷ್ಟಾಗಿ ಇಲ್ಲ.

ಸ್ಥಿರ ಪ್ರದರ್ಶನಗಳು

ಒಳಗೆ ಎರಡು ಮುಖ್ಯ ಸಭಾಂಗಣಗಳಿವೆ. ಒಂದರಲ್ಲಿ 1940ರಿಂದ ಈಚೆಗೆ ದಶಕದಿಂದ ದಶಕಕ್ಕೆ ವಿಮಾನ ಉದ್ಯಮ ಬೆಳೆದ ಬಗೆಯನ್ನು ಛಾಯಾಚಿತ್ರಗಳಲ್ಲಿ ಜೋಡಿಸಿದ್ದಾರೆ. ಇನ್ನೊಂದು ಇಂಜಿನ್‌ಗಳಿಗೆ ಮೀಸಲು. ಅಣಕು ವಾಯುಸಂಚಾರ ನಿಯಂತ್ರಣ ಗೋಪುರವೂ ಹಾರಾಟದ ಅನುಭವ ಕೊಡುವ ಸಿಮ್ಯುಲೇಟರ್‌ಗಳೂ ಇವೆ. ಹೊರಗಿನ ಅಂಗಳದಲ್ಲಿ ಮಾರುತ್, ಅಜೀತ್, ಮಿಗ್-21, ಕ್ಯಾನ್‌ಬೆರಾ, ಬಸಂತ್, ಚಾಲಕರಹಿತ ಲಕ್ಷ್ಯ ಮುಂತಾದವು ನಿಂತಿವೆ. ಉಪಗ್ರಹ ಉಡಾವಣಾ ವಾಹನದ ಉಷ್ಣಕವಚವೂ ಇದೆ.

ಬಹುತೇಕ ನೋಡುಗರು ಫೋಟೊ ತೆಗೆಸಿಕೊಳ್ಳಲು ಹೊರಗಿನ ಅಂಗಳಕ್ಕೆ ಓಡುತ್ತಾರೆ. ಆದರೆ ಸಂಗ್ರಹಾಲಯದ ಜೀವ ಇರುವುದು ಇಂಜಿನ್ ಸಭಾಂಗಣದಲ್ಲಿ. ಹೊಟ್ಟೆ ಸೀಳಿ ತೋರಿಸಿದ ಇಂಜಿನ್ ಎದುರು ಹತ್ತು ನಿಮಿಷ ನಿಂತರೆ ಪಾಠಪುಸ್ತಕದ ಹತ್ತು ಪುಟ ಓದಿದಷ್ಟು ತಿಳಿಯುತ್ತದೆ. ಎಚ್‌ಎಎಲ್ ಪರವಾನಗಿ ಪಡೆದು ಬೆಂಗಳೂರಿನಲ್ಲಿ ತಯಾರಿಸಿದ ಆರ್ಫಿಯಸ್ ಜೆಟ್ ಇಂಜಿನನ್ನೇ ತೆಗೆದುಕೊಳ್ಳಿ. ಮುಂದೆ ಏಳು ಸಾಲು ಅಲಗುಗಳ ಸಂಪೀಡಕ, ನಡುವೆ ಉರಿಯುವ ಏಳು ಕೊಳವೆಗಳು, ಹಿಂದೆ ಒಂದೇ ಸಾಲಿನ ಟರ್ಬೈನ್, ಕೊನೆಗೆ ಬಿಸಿಗಾಳಿ ಹೊರಬೀಳುವ ಬಾಯಿ. ಕಮ್ಮಾರನ ತಿದಿ ಗಾಳಿಯನ್ನು ಬಿಟ್ಟುಬಿಟ್ಟು ಊದುತ್ತದೆ. ಇಲ್ಲಿ ಗಾಳಿ ಒಂದೇ ಸಮನೆ ಒಳಬಂದು, ಸಾಲಿನಿಂದ ಸಾಲಿಗೆ ಇಕ್ಕಟ್ಟಾಗುತ್ತ, ಎಣ್ಣೆಯೊಂದಿಗೆ ಉರಿದು ಹಿಗ್ಗಿ, ಹಿಂದಕ್ಕೆ ನುಗ್ಗುತ್ತದೆ. ನುಗ್ಗುವ ದಾರಿಯಲ್ಲಿ ಟರ್ಬೈನನ್ನು ತಿರುಗಿಸುತ್ತದೆ. ಆ ಟರ್ಬೈನ್ ಅದೇ ದಂಡದ ಮುಂದಿನ ತುದಿಯಲ್ಲಿರುವ ಸಂಪೀಡಕವನ್ನು ತಿರುಗಿಸುತ್ತದೆ. ತನ್ನ ಉಸಿರನ್ನು ತಾನೇ ಎಳೆದುಕೊಳ್ಳುವ ಈ ಸರಳ ಏರ್ಪಾಡು ಮಗುವಿಗೆ ಒಮ್ಮೆ ಹೊಳೆದರೆ ಮತ್ತೆ ಮರೆಯುವುದಿಲ್ಲ.

ಇದೇ ಆರ್ಫಿಯಸ್ ಮಾರುತ್ ವಿಮಾನದ ಬಲವೂ ಆಗಿತ್ತು, ಕೊರತೆಯೂ ಆಗಿತ್ತು. ಜರ್ಮನಿಯ ಹೆಸರಾಂತ ವಿನ್ಯಾಸಕ ಕುರ್ಟ್ ಟಾಂಕ್ ಬೆಂಗಳೂರಿಗೆ ಬಂದು ಭಾರತೀಯ ಎಂಜಿನಿಯರರೊಂದಿಗೆ ರೂಪಿಸಿದ ಈ ಯುದ್ಧವಿಮಾನ 1961ರ ಜೂನ್‌ನಲ್ಲಿ ಮೊದಲ ಬಾರಿ ಹಾರಿತು. ಚಾಲಕ ಸುರಂಜನ್ ದಾಸ್. ಶಬ್ದದ ವೇಗವನ್ನು ನಿರಾಯಾಸವಾಗಿ ಮೀರಬೇಕೆಂದು ಎಳೆದ ಆಕಾರ ಅದರದು. ಅದಕ್ಕೆ ತಕ್ಕ ಹೆಚ್ಚು ಶಕ್ತಿಯ ಆರ್ಫಿಯಸ್ ಮಾದರಿಯನ್ನು ಬೆಳೆಸಲು ಬೇಕಾದ ಹಣ ಒದಗಲಿಲ್ಲ. ಬೇರೆ ಇಂಜಿನ್ ಹುಡುಕುವ ಯತ್ನಗಳೂ ಕೈಗೂಡಲಿಲ್ಲ. ಕೊನೆಗೆ ಇದ್ದ ಇಂಜಿನನ್ನೇ ಜೋಡಿಯಾಗಿ ಇಟ್ಟು 147 ಮಾರುತ್‌ಗಳನ್ನು ಕಟ್ಟಿದರು. 1971ರ ಯುದ್ಧದಲ್ಲಿ ರಾಜಸ್ಥಾನದ ಮರುಭೂಮಿಯ ಮೇಲೆ ಅವು ಚೆನ್ನಾಗಿಯೇ ದುಡಿದವು. 1970ರ ಜನವರಿ 10ರಂದು ಮಾರುತ್‌ನ ಸುಧಾರಿತ ಮಾದರಿಯೊಂದನ್ನು ಪರೀಕ್ಷಿಸುವಾಗ ಅದು ನೆಲಕ್ಕಪ್ಪಳಿಸಿ ಸುರಂಜನ್ ದಾಸ್ ತೀರಿಕೊಂಡರು. ಹಳೆ ಮದರಾಸು ರಸ್ತೆಯನ್ನೂ ಹಳೆಯ ವಿಮಾನ ನಿಲ್ದಾಣ ರಸ್ತೆಯನ್ನೂ ಕೂಡಿಸುವ ರಸ್ತೆಗೆ ಅವರ ಹೆಸರಿದೆ. ದಿನವೂ ಅಲ್ಲಿ ಓಡಾಡುವ ಸಾವಿರಾರು ಮಂದಿಗೆ ಅವರು ಯಾರೆಂದು ಹೇಳಬಲ್ಲ ಜಾಗ ಈ ಸಂಗ್ರಹಾಲಯ. ಮಾರುತ್‌ನ ಇನ್ನೊಂದು ಪ್ರತಿ ಮ್ಯೂನಿಕ್ ಬಳಿಯ ಶ್ಲೈಸ್‌ಹೈಮ್‌ನಲ್ಲಿ, ಜರ್ಮನ್ ಸಂಗ್ರಹಾಲಯದ ವಿಮಾನ ಶಾಖೆಯಲ್ಲಿದೆ. ತಮ್ಮ ವಿನ್ಯಾಸಕನ ಕೊನೆಯ ದೊಡ್ಡ ಕೆಲಸವನ್ನು ಜರ್ಮನರು ಹಾಗೆ ಉಳಿಸಿಕೊಂಡಿದ್ದಾರೆ.

ಮಾರುತ್‌ಗಿಂತ ಹಿಂದಿನದು, ಆದರೆ ಸಂಸ್ಥೆಯ ಆತ್ಮವಿಶ್ವಾಸಕ್ಕೆ ಬುನಾದಿಯಾದದ್ದು ಎಚ್‌ಟಿ-2. ಗೋಟಿಂಗನ್‌ನಲ್ಲಿ ಪ್ರಾಂಟಲ್ ಅವರ ಬಳಿ ಕಲಿತು ಬಂದ ಡಾ. ವಿ.ಎಂ. ಘಾಟಗೆ ಅವರ ತಂಡ ರೂಪಿಸಿದ ಈ ಎರಡು ಸೀಟಿನ ಲೋಹದ ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಹಾರಿತು. ಒಬ್ಬರ ಹಿಂದೆ ಒಬ್ಬರು ಕೂರುವ ವ್ಯವಸ್ಥೆ, 155 ಅಶ್ವಶಕ್ತಿಯ ಸಣ್ಣ ಇಂಜಿನ್, ಬಾಲದಡಿಯಲ್ಲೊಂದು ಚಕ್ರ. ಕೆಲ ತಲೆಮಾರುಗಳ ವಾಯುಪಡೆ ಚಾಲಕರು ಹಾರುವುದನ್ನು ಕಲಿತದ್ದು ಇದರಲ್ಲೇ. ಘಾನಾ ದೇಶಕ್ಕೂ 12 ಎಚ್‌ಟಿ-2 ವಿಮಾನಗಳು ಹೋದವು. ಬಳಿಕ ಹಾರಾಟ ಕ್ಲಬ್ಬುಗಳಿಗೆಂದು ಬಟ್ಟೆ ಹೊದಿಸಿದ ಮೈಯ ಪುಷ್ಪಕ್ 1958ರಲ್ಲಿ ಬಂತು, 1964ರಲ್ಲಿ ಕಿರಣ್ ಜೆಟ್ ತರಬೇತಿ ವಿಮಾನ ಬಂತು. ಹೆಸರುಗಳನ್ನು ಒಮ್ಮೆ ಸಾಲಾಗಿ ಓದಿ: ಪುಷ್ಪಕ್, ಕೃಷಕ್, ಮಾರುತ್, ಕಿರಣ್, ಬಸಂತ್, ಧ್ರುವ್, ತೇಜಸ್. ಪುರಾಣ, ಹೊಲ, ಗಾಳಿ, ಬೆಳಕು, ಋತು, ನಕ್ಷತ್ರ ಎಲ್ಲವೂ ಅಲ್ಲಿವೆ.

ಅಂಗಳದ ಮಿಗ್-21ಕ್ಕೆ ಈಗ ಹೊಸ ಅರ್ಥ ಬಂದಿದೆ. 1963ರಿಂದ ವಾಯುಪಡೆಯಲ್ಲಿದ್ದ ಈ ವಿಮಾನವನ್ನು ಎಚ್‌ಎಎಲ್ ನಾಸಿಕ್‌ನಲ್ಲಿ ನೂರಾರು ಸಂಖ್ಯೆಯಲ್ಲಿ ತಯಾರಿಸಿತು. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಅದಕ್ಕೆ ಅಧಿಕೃತ ವಿದಾಯ ಹೇಳಲಾಯಿತು. ಅಲ್ಲಿಯವರೆಗೆ ಹಾರುತ್ತಿದ್ದ ವಿಮಾನದ ಹಳೆಯ ಪ್ರತಿಯಾಗಿ ನಿಂತಿದ್ದದ್ದು ಆ ದಿನದಿಂದ ಪೂರ್ತಿಯಾಗಿ ಚರಿತ್ರೆಗೆ ಸೇರಿತು.

ಬಸಂತ್ ಮತ್ತು ಕಾಸರಗೋಡಿನ ಆಕಾಶ

ಬಸಂತ್ ಯುದ್ಧವಿಮಾನವಲ್ಲ. ಬೆಳೆಗಳ ಮೇಲೆ ಔಷಧಿ ಸಿಂಪಡಿಸಲೆಂದು 1972ರಲ್ಲಿ ಹಾರಿಸಿದ ಕೃಷಿ ವಿಮಾನ. ಬಹುತೇಕರು ಅದರ ಮುಂದೆ ನಿಲ್ಲುವುದಿಲ್ಲ. ಕಾಸರಗೋಡಿನಿಂದ ಬಂದವರು ಮಾತ್ರ ನಿಲ್ಲಬೇಕು.

ಈ ಜಿಲ್ಲೆಯಲ್ಲಿ ಬಸಂತ್ ಹಾರಲಿಲ್ಲ. ಹಾರಿದ್ದು ಹೆಲಿಕಾಪ್ಟರ್. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ, ಚಹಾ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲೆಂದು, 1970ರ ದಶಕದ ಕೊನೆಯಿಂದ 2000ದ ತನಕ ಎಂಡೋಸಲ್ಫಾನ್ ಅನ್ನು ಆಕಾಶದಿಂದ ಸಿಂಪಡಿಸಲಾಯಿತು. ಬಯಲು ಸೀಮೆಯ ಗದ್ದೆಗಳ ಮೇಲೆ ಹಾರಿದಂತೆ ಗುಡ್ಡ ಕಣಿವೆಗಳ ಮೇಲೆ ಹಾರಲು ಬರುವುದಿಲ್ಲ. ಹೆಲಿಕಾಪ್ಟರ್ ಗುಡ್ಡದ ತಲೆಯನ್ನು ತಪ್ಪಿಸಲು ಮೇಲೇರಬೇಕು, ಮೇಲೇರಿದಷ್ಟೂ ಹನಿ ಗಾಳಿಗೆ ಸಿಕ್ಕಿ ದೂರ ಹೋಗುತ್ತದೆ. ತೋಟದ ಕೆಳಗಿನ ಕಣಿವೆಯಲ್ಲಿ ಮನೆಗಳಿದ್ದವು, ತೆರೆದ ಬಾವಿಗಳಿದ್ದವು, ಸುರಂಗದ ನೀರಿತ್ತು, ತೋಡುಗಳಿದ್ದವು. ಎಣ್ಮಕಜೆ, ಬೆಳ್ಳೂರು, ಮುಳಿಯಾರು, ಪೆರಿಯ ಮುಂತಾದ ಕಡೆಗಳಲ್ಲಿ ಮಕ್ಕಳ ಅಂಗವೈಕಲ್ಯವೂ ನರರೋಗಗಳೂ ಕಾಣಿಸಿದವು. ಎಣ್ಮಕಜೆಯ ಪಡ್ರೆ ಗ್ರಾಮದಿಂದ ಪತ್ರಕರ್ತ ಶ್ರೀಪಡ್ರೆ, ವೈದ್ಯ ಡಾ. ವೈ.ಎಸ್. ಮೋಹನಕುಮಾರ್, ಪೆರಿಯ ಕಡೆಯಿಂದ ಲೀಲಾಕುಮಾರಿ ಅಮ್ಮ ಎತ್ತಿದ ದನಿ ಮುಂದೆ ದೇಶದ ದನಿಯಾಯಿತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ತಯಾರಿಕೆ, ಮಾರಾಟ, ಬಳಕೆಗೆ ತಡೆ ಕೊಟ್ಟಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಕೇರಳ ಸರಕಾರಕ್ಕೆ ಆದೇಶಿಸಿತು.

ವಿಮಾನ ಸಂಗ್ರಹಾಲಯದ ಲೇಖನದಲ್ಲಿ ಇದೇಕೆ ಎಂದು ಕೇಳಬಹುದು. ಈ ಹಳ್ಳಿಗಳ ಮಕ್ಕಳು ತಲೆಯ ಮೇಲೆಯೇ ಕಂಡ ಹಾರುವ ಯಂತ್ರ ಆ ಹೆಲಿಕಾಪ್ಟರ್. ಅದರ ಸದ್ದಿಗೆ ಅಂಗಳಕ್ಕೆ ಓಡಿಬಂದು ಕೈಬೀಸುವುದು ಮಕ್ಕಳ ಸಹಜ ಗುಣ. ಕೃಷಿ ವಿಮಾನದ ಪ್ರದರ್ಶನ ಎಂದರೆ ರೆಕ್ಕೆಯ ಉದ್ದ, ಇಂಜಿನಿನ ಶಕ್ತಿ, ಔಷಧಿಯ ಟ್ಯಾಂಕಿನ ಗಾತ್ರ ಮಾತ್ರವಲ್ಲ. ಟ್ಯಾಂಕಿನಿಂದ ಇಳಿದದ್ದು ಯಾರ ಮೇಲೆ ಬಿತ್ತು ಎಂಬುದೂ ಆ ಫಲಕದಲ್ಲಿರಬೇಕು. ವಿಮಾನವನ್ನು ಕಟ್ಟಿದವರು, ಹಾರಿಸಿದವರು, ಅದರ ಕೆಳಗೆ ಬದುಕಿದವರು, ಈ ಮೂವರೂ ಸೇರಿದಾಗಲೇ ವಿಮಾನ ಪರಂಪರೆ ಪೂರ್ತಿಯಾಗುವುದು. ಸಂಗ್ರಹಾಲಯಗಳು ಸಾಮಾನ್ಯವಾಗಿ ಮೊದಲ ಇಬ್ಬರ ಬಳಿಯೇ ನಿಂತುಬಿಡುತ್ತವೆ.

ಕಾರ್ಯಕ್ರಮಗಳು

ಸ್ಥಿರ ಪ್ರದರ್ಶನವನ್ನು ಒಮ್ಮೆ ನೋಡಿದವರು ಮತ್ತೆ ಬರುವುದು ಕಾರ್ಯಕ್ರಮಗಳಿಗಾಗಿ. ಜಗತ್ತಿನ ವಿಮಾನ ಸಂಗ್ರಹಾಲಯಗಳಲ್ಲಿ ಇವು ಹಲವು ಬಗೆ. ಚಾಲಕನ ಕೋಣೆಯನ್ನು ತೆರೆದು ಸಾರ್ವಜನಿಕರನ್ನು ಕೂರಿಸುವ ದಿನಗಳು, ಹಳೆಯ ಇಂಜಿನನ್ನು ಚಾಲೂ ಮಾಡಿ ತೋರಿಸುವ ದಿನಗಳು, ನಿವೃತ್ತ ಚಾಲಕರ ಹಾಗೂ ತಂತ್ರಜ್ಞರ ಮಾತುಕತೆ, ಮಾದರಿ ವಿಮಾನಗಳ ಸ್ಪರ್ಧೆ. ಇಂಗ್ಲೆಂಡಿನ ಓಲ್ಡ್ ವಾರ್ಡನ್‌ನಲ್ಲಿರುವ ಶಟಲ್‌ವರ್ತ್ ಸಂಗ್ರಹ ನೂರು ವರ್ಷ ದಾಟಿದ ವಿಮಾನಗಳನ್ನು ಇಂದಿಗೂ ಹಾರಿಸುತ್ತದೆ. ನಿಂತ ವಿಮಾನ ಬರೀ ಆಕಾರ, ಇಂಜಿನಿನ ಸದ್ದು ಮತ್ತು ಎಣ್ಣೆಯ ವಾಸನೆ ಕೂಡಿದರೇ ಅದು ವಿಮಾನ ಎಂಬುದು ಅಲ್ಲಿನವರ ನಿಲುವು. ಆ ಮಾತಿಗೆ ಎದುರಾಡುವುದು ಕಷ್ಟ.

ನಮ್ಮಲ್ಲಿ ಆ ಕೆಲಸವನ್ನು ಮಾಡುವುದು ವಾಯುಪಡೆಯ ಪಾರಂಪರಿಕ ವಿಮಾನಗಳ ತಂಡ. ಅದರಲ್ಲಿರುವ ಡಕೋಟ ವಿಮಾನದ ಕಥೆ ಕರಾವಳಿಯವರಿಗೆ ವಿಶೇಷವಾಗಿ ಹತ್ತಿರದ್ದು. 1940ರ ದಶಕದ ಆ ವಿಮಾನವನ್ನು ಆಗ ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಕೊಂಡು, ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ, ಡಕೋಟ ಚಾಲಕರಾಗಿದ್ದ ತಮ್ಮ ತಂದೆಯ ಗೌರವಾರ್ಥ ವಾಯುಪಡೆಗೆ ಕೊಟ್ಟರು. 2018ರಲ್ಲಿ ಅದು ಹಾರಿಕೊಂಡೇ ಭಾರತಕ್ಕೆ ಬಂತು. 1947ರ ಅಕ್ಟೋಬರ್ 27ರಂದು ಸಿಖ್ ಪಡೆಯ ಸೈನಿಕರನ್ನು ಶ್ರೀನಗರಕ್ಕೆ ಇಳಿಸಿದ ಡಕೋಟದ ಸಂಖ್ಯೆ ವಿಪಿ 905. ಅದೇ ಸಂಖ್ಯೆಯನ್ನು ಇದರ ಬಾಲಕ್ಕೂ ಬರೆದು, ‘ಪರಶುರಾಮ’ ಎಂದು ಹೆಸರಿಟ್ಟರು. ಕೇರಳಕ್ಕೂ ತುಳುನಾಡಿಗೂ ನೆಲ ಕೊಟ್ಟನೆಂದು ಎರಡೂ ಕಡೆಯವರು ನಂಬುವವನ ಹೆಸರು ಅದು. 1951ರ ಡಿಸೆಂಬರ್ 25ರಂದು ಬಜ್ಪೆ ನಿಲ್ದಾಣವನ್ನು ಉದ್ಘಾಟಿಸಲು ಜವಾಹರಲಾಲ್ ನೆಹರೂ ಬಂದಿಳಿದದ್ದೂ ಡಕೋಟದಲ್ಲೇ. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಬಜ್ಪೆ ಅದೇ ಜಿಲ್ಲೆಯ ನಿಲ್ದಾಣ.

ಬೆಂಗಳೂರಿನಲ್ಲಿ ವಿಮಾನ ಎಂದರೆ ಜನ ನೆನೆಯುವ ದೊಡ್ಡ ಹಬ್ಬ ಏರೋ ಇಂಡಿಯಾ. 1996ರಿಂದ ಯಲಹಂಕದ ವಾಯುನೆಲೆಯಲ್ಲಿ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. 15ನೆಯ ಪ್ರದರ್ಶನ 2025ರ ಫೆಬ್ರುವರಿ 10ರಿಂದ 14ರವರೆಗೆ ನಡೆಯಿತು. ಮೂಲತಃ ಅದು ವ್ಯಾಪಾರದ ಮೇಳ. ಕೊಳ್ಳುವವರು, ಮಾರುವವರು, ಸೇನಾಧಿಕಾರಿಗಳು ಕೂಡುವ ಜಾಗ. ಸಾರ್ವಜನಿಕರ ಪಾಲಿಗೆ ಮಾತ್ರ ಅದು ಕತ್ತು ನೋಯುವವರೆಗೆ ಆಕಾಶ ನೋಡುವ ದಿನ. ವಾಯುಪಡೆಯ ಸಾರಂಗ್ ತಂಡ ಎಚ್‌ಎಎಲ್ ತಯಾರಿಸಿದ ಧ್ರುವ್ ಹೆಲಿಕಾಪ್ಟರ್‌ಗಳಲ್ಲಿ ನಲಿಯುತ್ತದೆ. ಸೂರ್ಯಕಿರಣ್ ತಂಡ ಮೊದಲು ಕಿರಣ್ ವಿಮಾನಗಳಲ್ಲಿ ಹಾರುತ್ತಿತ್ತು, ಹೆಸರೂ ಅದರಿಂದಲೇ ಬಂದದ್ದು. ಈಗ ಹಾಕ್ ವಿಮಾನಗಳಲ್ಲಿ ಹಾರುತ್ತದೆ. 2019ರ ಫೆಬ್ರುವರಿ 19ರಂದು, ಮೇಳಕ್ಕೆ ಒಂದು ದಿನ ಮುಂಚೆ, ಅಭ್ಯಾಸದ ವೇಳೆ ಸೂರ್ಯಕಿರಣ್‌ನ ಎರಡು ವಿಮಾನಗಳು ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಪ್ರಾಣ ಕಳೆದುಕೊಂಡರು. ಚಪ್ಪಾಳೆ ತಟ್ಟಿಸಿಕೊಳ್ಳುವ ಆ ಸಾಲು ಎಷ್ಟು ಕಿರಿದಾದ ಅಂತರದಲ್ಲಿ ಹಾರುತ್ತದೆಂಬುದು ಅಂದು ಊರಿಗೆಲ್ಲ ತಿಳಿಯಿತು.

ಈ ಮೇಳದ ಅಬ್ಬರಕ್ಕಿಂತ ಶಾಲಾ ಮಕ್ಕಳ ಭೇಟಿಯೇ ಸಂಗ್ರಹಾಲಯದ ನಿಜವಾದ ದೊಡ್ಡ ಕಾರ್ಯಕ್ರಮ ಎಂದರೆ ತಪ್ಪಾಗದು. ಶೈಕ್ಷಣಿಕ ಪ್ರವಾಸದ ಬಸ್ಸು ಬಂದು ನಿಂತಾಗ ಅಂಗಳಕ್ಕೆ ಬರುವ ಕಳೆಯೇ ಬೇರೆ. ಕಾಸರಗೋಡು, ಮಂಜೇಶ್ವರ ಕಡೆಯ ಕನ್ನಡ ಶಾಲೆಗಳ ಪ್ರವಾಸಕ್ಕೆ ಮೈಸೂರು, ಬೆಂಗಳೂರು ಹಳೆಯ ದಾರಿ. ಅರಮನೆ, ಮೃಗಾಲಯದ ಜೊತೆಗೆ ಕಬ್ಬನ್ ಉದ್ಯಾನದ ಪಕ್ಕದ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಸಂಗ್ರಹಾಲಯವೂ ಆ ದಾರಿಯಲ್ಲಿ ಬರುತ್ತದೆ. 1962ರಲ್ಲಿ ತೆರೆದ ಆ ಸಂಗ್ರಹಾಲಯದಲ್ಲಿ ರೈಟ್ ಸೋದರರ ವಿಮಾನದ ಪೂರ್ಣಗಾತ್ರದ ಪ್ರತಿಕೃತಿ ಇದೆ. ಮರದ ಚೌಕಟ್ಟು, ಬಟ್ಟೆಯ ರೆಕ್ಕೆ, ಸೈಕಲ್ಲಿನಂಥ ಸರಪಳಿ, ಚಾಲಕ ಬೋರಲು ಮಲಗಿ ಹಾರಿಸುವ ಏರ್ಪಾಡು. ಬೆಳಿಗ್ಗೆ ಅದನ್ನು ನೋಡಿ ಮಧ್ಯಾಹ್ನ ಎಚ್‌ಎಎಲ್ ಅಂಗಳಕ್ಕೆ ಹೋದರೆ ಅರವತ್ತು ವರ್ಷಗಳಲ್ಲಿ ಮನುಷ್ಯ ಎಲ್ಲಿಂದ ಎಲ್ಲಿಗೆ ಬಂದನೆಂಬುದು ಮಗುವಿಗೆ ಒಂದೇ ದಿನದಲ್ಲಿ ಕಾಣುತ್ತದೆ. ಪ್ರವಾಸ ಯೋಜಿಸುವ ಅಧ್ಯಾಪಕರು ಈ ಕ್ರಮವನ್ನೇ ಇಟ್ಟುಕೊಳ್ಳುವುದು ಒಳ್ಳೆಯದು.

ಕನ್ನಡದ ಫಲಕಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಕನ್ನಡ ಮಾಧ್ಯಮದಲ್ಲಿ ವಿಜ್ಞಾನ ಕಲಿಯುವ ಮಗುವಿಗೆ ಸಂಪೀಡಕ, ದಹನ, ನೋದನ ಎಂಬ ಮಾತುಗಳು ಪುಸ್ತಕದಲ್ಲಿ ಸಿಕ್ಕಿರುತ್ತವೆ, ವಸ್ತು ಸಿಕ್ಕಿರುವುದಿಲ್ಲ. ಮಾತೂ ವಸ್ತುವೂ ಒಂದೆಡೆ ಕೂಡುವ ಅವಕಾಶ ಇಂಥ ಸಭಾಂಗಣದಲ್ಲಷ್ಟೇ ಇದೆ. ಮೈಸೂರು ಸಂಸ್ಥಾನದ ನೆಲದಲ್ಲಿ, ಮೈಸೂರಿನ ಹಣದಿಂದ ಮೊಳೆತ ಉದ್ಯಮದ ಸಂಗ್ರಹಾಲಯ ಕನ್ನಡದಲ್ಲಿ ವಿವರವಾಗಿ ಮಾತಾಡಬೇಕೆಂದು ಕೇಳುವುದು ಹಕ್ಕಿನ ಮಾತು.

ಕಡಲಂಚಿನ ನೆಲೆಗಳು

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ನಿವೃತ್ತ ಕ್ಷಿಪಣಿ ದೋಣಿ ಐಎನ್‌ಎಸ್ ಚಪಲ್ ಬಹುಕಾಲದಿಂದ ಸಂಗ್ರಹಾಲಯವಾಗಿದೆ. ಅದರ ಪಕ್ಕಕ್ಕೆ ಈಚೆಗೆ ಬಂದದ್ದು ನೌಕಾಪಡೆಯ ಟುಪೊಲೆವ್-142 ವಿಮಾನ. ಸೋವಿಯತ್ ಒಕ್ಕೂಟದಿಂದ 1988ರಲ್ಲಿ ಕೊಂಡು, ಮೊದಲು ಗೋವಾದ ದಾಬೋಳಿಯಿಂದಲೂ ಬಳಿಕ ತಮಿಳುನಾಡಿನ ಅರಕ್ಕೋಣಂನಿಂದಲೂ ಹಾರಿಸಿದ ಈ ವಿಮಾನಗಳು ಜಲಾಂತರ್ಗಾಮಿಗಳನ್ನು ಹುಡುಕುತ್ತ ಹಿಂದೂ ಮಹಾಸಾಗರವನ್ನು 29 ವರ್ಷ ಕಾದವು. ನಿವೃತ್ತಿ 2017ರ ಮಾರ್ಚ್ 29ರಂದು. ಉದ್ದ 53 ಮೀಟರ್, ರೆಕ್ಕೆಯ ಹರವು 50 ಮೀಟರ್. ನಾಲ್ಕು ಇಂಜಿನ್‌ಗಳಲ್ಲಿ ಒಂದೊಂದಕ್ಕೂ ಎರಡೆರಡು ಪಂಖಗಳು, ಒಂದು ಬಲಕ್ಕೆ ತಿರುಗಿದರೆ ಹಿಂದಿನದು ಎಡಕ್ಕೆ. ಅರಕ್ಕೋಣಂನಲ್ಲಿ ಬಿಡಿಭಾಗಗಳಾಗಿ ಬಿಚ್ಚಿ, ರಸ್ತೆಯ ಮೂಲಕ ತಂದು, ಕಾರವಾರದ ಮರಳಿನ ಬಳಿ ಮತ್ತೆ ಜೋಡಿಸಿದರು. ಇದರ ಜೊತೆಯ ಇನ್ನೊಂದು ವಿಮಾನ 2017ರ ಡಿಸೆಂಬರ್‌ನಿಂದ ವಿಶಾಖಪಟ್ಟಣದ ಕಡಲತೀರದಲ್ಲಿ ಸಂಗ್ರಹಾಲಯವಾಗಿದೆ.

ಇನ್ನಷ್ಟು ಉತ್ತರಕ್ಕೆ, ಗೋವಾದ ಬೋಗ್ಮಾಳೊದಲ್ಲಿ, 1998ರಲ್ಲಿ ತೆರೆದ ನೌಕಾ ವಾಯುಯಾನ ಸಂಗ್ರಹಾಲಯವಿದೆ. ವಿಕ್ರಾಂತ್ ನೌಕೆಯಿಂದ 1971ರಲ್ಲಿ ಹಾರಿದ ಸೀ ಹಾಕ್ ಮತ್ತು ಅಲೀಝೆ, ವಿರಾಟ್ ನೌಕೆಯ ಸೀ ಹ್ಯಾರಿಯರ್, ಭಾರೀ ಗಾತ್ರದ ಸೂಪರ್ ಕಾನ್‌ಸ್ಟಲೇಶನ್ ಮೊದಲಾದವು ಅಲ್ಲಿವೆ. ಉಪ್ಪುಗಾಳಿ ಇಂಥ ಕಡಲಂಚಿನ ಸಂಗ್ರಹಗಳ ಶತ್ರು. ಅಲ್ಯುಮಿನಿಯಂ ಹಾಳೆಯ ಸಂದುಗಳಲ್ಲಿ ಬಿಳಿಯ ಹುಡಿಯಂತೆ ಶುರುವಾಗುವ ಸವೆತ ರಿವೆಟ್ಟುಗಳನ್ನು ತಿಂದು ರೆಕ್ಕೆಯ ಬುಡಕ್ಕೆ ಇಳಿಯುತ್ತದೆ. ಕಾಲಕಾಲಕ್ಕೆ ತೊಳೆದು ಬಣ್ಣ ಹಚ್ಚದಿದ್ದರೆ ಕರಾವಳಿಯ ಮಳೆಗೆ ಯಾವ ವಿಮಾನವೂ ಬಹುಕಾಲ ನಿಲ್ಲದು. ವಿಮಾನ ತಂದು ನಿಲ್ಲಿಸುವುದು ಒಂದು ದಿನದ ಸಮಾರಂಭ, ಕಾಯುವುದು ಪ್ರತಿ ಮಳೆಗಾಲದ ದುಡಿಮೆ.

ಕಡಲಂಚು ಬಿಟ್ಟು ಬೆಂಗಳೂರಿನ ದಾರಿ ಹಿಡಿದರೆ ಮಡಿಕೇರಿಯಲ್ಲಿ ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಪ್ರತಿಮೆ ನೋಡಸಿಗುತ್ತದೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ಮೇಲಿನ ದಾಳಿಯಲ್ಲಿ ತಮಗಿಂತ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಮಿಸ್ಟೇರ್‌ನಲ್ಲಿ ಎದುರಿಸಿ ಕೆಡವಿ, ತಾವೂ ಮರಳದೆ ಹೋದ ಕೊಡವ ವೀರ ಅವರು. ಮಹಾವೀರ ಚಕ್ರ ಅವರ ಹೆಸರಿಗೆ ಬಂದದ್ದು 23 ವರ್ಷ ಕಳೆದ ಮೇಲೆ, 1988ರಲ್ಲಿ.

ಕಾಸರಗೋಡಿನಲ್ಲಿ ಉಳಿಸಬೇಕಾದದ್ದು

ಸಂಗ್ರಹಾಲಯಕ್ಕೆ ವಿಮಾನವೇ ಬೇಕೆಂದಿಲ್ಲ. ಈ ಜಿಲ್ಲೆಯ ವಿಮಾನ ಪರಂಪರೆ ಇರುವುದು ಕಾಗದಗಳಲ್ಲಿ, ಪೆಟ್ಟಿಗೆಗಳಲ್ಲಿ, ನೆನಪುಗಳಲ್ಲಿ. ಗಲ್ಫಿಗೆ ಹೊರಟವರು ಮೊದಲು ಮುಂಬಯಿಗೆ ಹೋಗಿ ವಿಮಾನ ಹತ್ತುತ್ತಿದ್ದರು. 1988ರಲ್ಲಿ ಕೋಝಿಕ್ಕೋಡಿನ ಕರಿಪ್ಪೂರು ನಿಲ್ದಾಣ ತೆರೆಯಿತು, 2006ರಲ್ಲಿ ಬಜ್ಪೆಯಿಂದಲೇ ದುಬೈಗೆ ವಿಮಾನ ಹೊರಟಿತು. ಒಂದೊಂದು ಹಂತದಲ್ಲೂ ಮನೆಗಳ ಬಾಳು ಬದಲಾಯಿತು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಓಡುದಾರಿಯನ್ನು ದಾಟಿ ಕಣಿವೆಗೆ ಉರುಳಿತು. ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು, ಉಳಿದವರು ಎಂಟು ಮಂದಿ. ಸತ್ತವರಲ್ಲಿ ಕಾಸರಗೋಡಿನವರು ಬಹಳ. ಗುರುತು ಸಿಗದ 12 ದೇಹಗಳನ್ನು ಮಂಗಳೂರಿನ ಕೂಳೂರು ತಣ್ಣೀರುಬಾವಿ ಬಳಿ ಮಣ್ಣು ಮಾಡಿದ ಜಾಗದಲ್ಲಿ ಸ್ಮಾರಕವಿದೆ. ಅಷ್ಟು ಬಿಟ್ಟರೆ, ಆ ಪ್ರಯಾಣಗಳ ಚರಿತ್ರೆಯನ್ನು ಒಂದೆಡೆ ನೋಡುವ ಅನುಕೂಲ ಇಲ್ಲಿನವರಿಗಿಲ್ಲ.

ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ ‘ಗಿಳಿವಿಂಡು’ ಎಂಬ ಸ್ಮಾರಕ ಕೇಂದ್ರವಾಗಿದೆ. ಕವಿಯ ಮನೆಯನ್ನು ಉಳಿಸಿಕೊಂಡ ನಾಡು ಪ್ರಯಾಣದ ನೆನಪುಗಳನ್ನೂ ಉಳಿಸಬಲ್ಲದು. ಊರಿನ ವಾಚನಾಲಯದಲ್ಲೋ ಶಾಲೆಯ ಸಭಾಂಗಣದಲ್ಲೋ ಒಂದು ವಾರದ ಪ್ರದರ್ಶನಕ್ಕೆ ದೊಡ್ಡ ಖರ್ಚಿಲ್ಲ. ನಿಮ್ಮ ಮನೆಯ ಕಪಾಟಿನಲ್ಲಿ ಮುದ್ರೆ ಬಿದ್ದ ಹಳೆಯ ಪಾಸ್‌ಪೋರ್ಟ್, ಕೆಂಪು ಇಂಗಾಲದ ಕಾಗದದ ಟಿಕೆಟ್, ದುಬೈಯಿಂದ ಬಂದ ನೀಲಿ ಪತ್ರ, ನಿಲ್ದಾಣದ ಹೊರಗೆ ಬೀಳ್ಕೊಡುವಾಗ ತೆಗೆಸಿದ ಫೋಟೊ ಇದ್ದರೆ ಎಸೆಯಬೇಡಿ. ಹಿಂಬದಿಯಲ್ಲಿ ಹೆಸರು, ಊರು, ವರ್ಷ ಪೆನ್ಸಿಲಿನಲ್ಲಿ ಬರೆದಿಡಿ. ನೆನಪಿರುವವರು ಮನೆಯಲ್ಲಿರುವಾಗಲೇ ಬರೆದಿಡಿ.